ಬರ್ಕತ್ತಿನ ಸೇರು

12 ಮಾರ್ಚ್ 1998, ಗುರುವಾರ

ಅಕ್ಕಿ ಆರಿಸಿ ಮುಗಿಯಿತು. ಮುಗಿಯಿತು ಎನ್ನಬಾರದು, ಅತ್ತೆ ಕೇಳಿದರೆ ಬೈಯುತ್ತಾರೆ. ಆಯಿತು. ಕಲ್ಲು ಹನ್ನೊಂದು ಸಿಕ್ಕವು. ಹನ್ನೆರಡನೆಯದು ಒಳಗೇ ಇದೆ ಎಂದು ಮನಸ್ಸು ಹೇಳುತ್ತಲೇ ಇದೆ. ಮತ್ತೊಮ್ಮೆ ಹರಡಿ ನೋಡಿದೆ. ಸಿಗಲಿಲ್ಲ. ಅಂದರೆ ಇದೆ.

ಭಾನುವಾರ ಇಲ್ಲೇ ಶಿರಸಿಯಲ್ಲಿ ಮದುವೆ. ಮುನ್ನೂರು ಜನ. ಮೂರು ದೇಗು ಬಿರಿಯಾನಿ, ಒಂದೊಂದೂ ತಾಮ್ರದ ದೊಡ್ಡ ಹಂಡೆ. ಅತ್ತೆ ಮೂವತ್ತು ವರ್ಷದಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರ ಅಂತ ಮದುವೆಮನೆಗಳಿಗೆ ದೇಗು ಬೇಯಿಸುತ್ತಿದ್ದಾರೆ. ‘ಮೈಮೂನಾಬಿಯ ದೇಗು’ ಎಂದರೆ ಸಾಕು, ಮಾತುಕತೆ ಅಲ್ಲಿಗೇ ಪಕ್ಕಾ. ಇವತ್ತಿನವರೆಗೆ ಒಂದು ಕಡೆಯೂ ಕಡಿಮೆ ಬಿದ್ದಿಲ್ಲ. ಒಂದು ಕಡೆಯೂ. ಇಷ್ಟು ಸಲ ಬಿದ್ದಿಲ್ಲವೆಂದರೆ ಮುಂದಿನ ಸಲ ಬೀಳುವ ಚಾನ್ಸ್ ಜಾಸ್ತಿಯಲ್ಲವೆ?

ಮಧ್ಯಾಹ್ನ ಅಕ್ಕಿ ಅಳೆದರು. ಮೊದಲ ಸೇರಿಗೆ ಒಂದು ಎನ್ನುವುದಿಲ್ಲ. “ಬರ್ಕತ್” ಎನ್ನುತ್ತಾರೆ. ಆಮೇಲೆ ಎರಡು, ಮೂರು. ಅಲ್ಲಿಂದ ಮುಂದೆ ಎಣಿಕೆಯೇ ಇಲ್ಲ, ತುಟಿ ಮಾತ್ರ ಅಲುಗುತ್ತದೆ. ಬರ್ಕತ್ತಿನ ಸೇರು ದೇಗಿಗೆ ಬೀಳುವುದಿಲ್ಲ. ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಬೇರೆ ಇಡುತ್ತಾರೆ. ನಮ್ಮ ಜತೆಗೇ ಮದುವೆಯ ಊರಿಗೆ ಬರುತ್ತದೆ. ಮದುವೆಗೆ ಕರೆ ಹೋಗದ ಒಂದು ಮನೆ ಆ ಊರಿನಲ್ಲಿ ಇದ್ದೇ ಇರುತ್ತದಂತೆ. ಅಲ್ಲಿಗೆ ಹೋಗುತ್ತದೆ, ಹಸಿ ಅಕ್ಕಿಯಾಗಿಯೇ.

ಈ ಡೈರಿಯ ಹಿಂದಿನ ಪುಟದಲ್ಲಿ ಸೇರಿಗೊಂದು ಗೆರೆ ಎಳೆದೆ. ಕಳ್ಳತನದಿಂದ. ಮೂವತ್ತನಾಲ್ಕು ಗೆರೆ. ಎಣಿಸಿದರೆ ಬರ್ಕತ್ ಹೋಗುತ್ತದೆ ಎನ್ನುತ್ತಾರೆ ಅತ್ತೆ. ಎಣಿಸದಿದ್ದರೆ ನನ್ನ ಜೀವ ಹೋಗುತ್ತದೆ.

15 ಮಾರ್ಚ್, ಭಾನುವಾರ, ಸಂಜೆ

ಮುನ್ನೂರು ಅಂದಿದ್ದರು. ಬಂದವರು ಮುನ್ನೂರ ಅರವತ್ತು! ನಾನೇ ಚಪ್ಪಲಿ ಎಣಿಸಿ ಬಂದೆ.

ಅತ್ತೆಗೆ ಹೇಳಿದೆ. “ಹೂಂ” ಅಂದರು. ಅಷ್ಟೇ. ದೇಗಿನ ಬಾಯಿಗೆ ಒದ್ದೆ ಬಟ್ಟೆ, ಮುಚ್ಚಳ ಒಂದು ಗೇಣು ಮಾತ್ರ ಸರಿದಿರಬೇಕು. ಒಳಗೆ ಇಣುಕುವ ಹಾಗಿಲ್ಲ. ಅವರೂ ಇಣುಕುವುದಿಲ್ಲ. ಕೈ ಒಳಗೆ, ಕಣ್ಣು ಹೊರಗೆ. ಊಟಕ್ಕೆ ಕುಳಿತವರ ಸಾಲು ಕಾಣುವ ಹಾಗೆ ಮೂಲೆಯಲ್ಲಿ ಮಣೆ ಹಾಕಿ ಕೂರುತ್ತಾರೆ. ತಟ್ಟೆ ಹೊರುವವರಿಗೆ ಹೇಳುತ್ತಾರೆ— ಇದು ಕಂಬದ ಪಕ್ಕದವನಿಗೆ, ಇದು ಆ ಟೋಪಿ ಅಜ್ಜನಿಗೆ. ಒಂದು ತಟ್ಟೆಯ ಹಾಗೆ ಇನ್ನೊಂದಿಲ್ಲ.

ನಾನು ಆಚೆಯಿಂದ ಈಚೆ, ಈಚೆಯಿಂದ ಆಚೆ. ಒಲೆ ಹೂಡುವ ಕೆರಿಯ ಸೌದೆ ಎಳೆಯುತ್ತಾ ಅಂದ, “ಉಜ್ಮಕ್ಕಾ, ಒಂದ್ಕಡೆ ಕೂತ್ಕಳಿ ಮಾರಾಯ್ರೆ. ನನ್ನ ಒಲೆಗಿಂತ ನೀವೇ ಜಾಸ್ತಿ ಹೊಗೆ ಹಾಕ್ತಿದೀರಿ.”

“ಸಾಲದೆ ಹೋದರೆ?”

“ಇವರು ಕೂತಲ್ಲಿ ಸಾಲದೆ ಹೋಗೂದು ಅಂದ್ರೆ ಎಂತದು? ನಾ ಇಪ್ಪತ್ತು ವರ್ಸದಿಂದ ಕಾಯ್ತಿದೀನಿ, ಒಂದ್ಸಲ ಆದ್ರೂ ನೋಡುವ ಅಂತ.”

ಸಾಲಿತು. ಕೆರಿಯನಿಗೂ, ತಟ್ಟೆ ಹೊತ್ತವರಿಗೂ, ನನಗೂ ಆಯಿತು. ಮೂರನೇ ದೇಗಿನ ತಳಕ್ಕೆ ಹತ್ತಿದ ಕೆನೆಯಷ್ಟು ಉಳಿದದ್ದನ್ನು ಮಕ್ಕಳು ಕೆರೆದು ತಿಂದರು. ಮೂವತ್ತನಾಲ್ಕು ಸೇರಿನಲ್ಲಿ. ಅದು ಹೇಗೆ ಎಂದು ಎಷ್ಟು ಗುಣಿಸಿದರೂ ತಾಳೆ ಬೀಳುವುದಿಲ್ಲ. ಅವರ ಕೈಯನ್ನು ಗಾಜಿನ ಪೆಟ್ಟಿಗೆಯಲ್ಲಿಡಬೇಕು!

ಒಂದೇ ಒಂದು ಸಲ ಸೌಟು ತಟ್ಟೆಯ ಆಚೆ ಹೋಗಿ ಅನ್ನ ನೆಲಕ್ಕೆ ಬಿತ್ತು. ಅತ್ತೆ ಕಣ್ಣುಜ್ಜಿಕೊಂಡರು. ಹೊಗೆ ಇರಬೇಕು... ಹೊಗೆಯೇ ಇರಲಿ.

19 ಮಾರ್ಚ್, ಗುರುವಾರ

ಪರಿಮಳಾ ಟೀಚರ್ ಮನೆಗೆ ಹೋಗಿದ್ದೆ. ನಮ್ಮ ಬೀದಿಯ ಕೊನೆಯ ಮನೆ. ರಿಟೈರ್ ಆದವರು. ಈ ಡೈರಿ ಕೊಟ್ಟವರೂ ಅವರೇ— ತಲೆಯಲ್ಲಿರುವ ಟೆನ್ಶನ್ ಎಲ್ಲ ಇದರಲ್ಲಿ ಹಾಕು, ಗಂಡನ ತಲೆ ತಿನ್ನಬೇಡ ಎಂದು. ಮನೆಯಲ್ಲಿ ನಾವು ಆಡುವ ಮಾತು ಬೇರೆ. ನನಗೆ ಬರೆಯಲು ಬರುವುದು ಕನ್ನಡ ಒಂದೇ. ಅದೂ ಆರನೇ ಈಯತ್ತೆಯವರೆಗೆ. ಆಮೇಲೆ ಅಮ್ಮ ಹಾಸಿಗೆ ಹಿಡಿದಳು, ನಾನು ತಮ್ಮಂದಿರನ್ನು ಎತ್ತಿಕೊಂಡೆ, ಶಾಲೆ ಬಿತ್ತು.

ಕೇಳಿದೆ, ಬರ್ಕತ್ತಿಗೆ ಕನ್ನಡದಲ್ಲಿ ಏನೆನ್ನುತ್ತಾರೆ?

“ರಾಶಿ ಹೇಳಿ ಇದ್ದಲೇ” ಅಂದರು. ಅವರ ಹವ್ಯಕ ಮಾತಿನಲ್ಲಿ ‘ಹೇಳಿ’ ಅಂದರೆ ‘ಅಂತ’. ಆಮೇಲೆ ತಾವೇ ತಲೆಯಾಡಿಸಿದರು. “ಅಲ್ಲ... ರಾಶಿ ಅಂದ್ರೆ ಬರೀ ಜಾಸ್ತಿ. ಯಂಗಳ ಬದಿಗೂ ಮೊದ್ಲ ಸೇರಿಗೆ ಒಂದು ಹೇಳಿ ಎಣಿಸೂಲಿಲ್ಲೆ. ಲಾಭ ಹೇಳಿ ಎಣಿಸುದು. ಅಕ್ಕಿ ಖಾಲಿ ಆದ್ರೂ ಖಾಲಿ ಹೇಳೂಲಾಗ, ಅಕ್ಕಿ ತುಂಬಿದ್ದು ಹೇಳವು.”

“ಸಮೃದ್ಧಿ?”

“ಅಯ್ಯೋ, ಅದರ ಸುದ್ದಿ ತೆಗೇಡ ತಂಗಿ. ಮೊಮ್ಮಗಳಿಗೆ ಸಮೃದ್ಧಿ ಹೇಳಿ ಹೆಸರಿಟ್ಟಾತು, ತಿಂಬುದು ನಾಕು ಅಗಳು. ನೋಡು ಅಲ್ಲಿ, ಬೆಳಗಿನ ದೋಸೆ ಇನ್ನೂವ ತಟ್ಟೆಲೇ ಇದ್ದು!”

ದಾರಿಯುದ್ದಕ್ಕೂ ಯೋಚಿಸಿದೆ. ರಾಶಿ ಕಣ್ಣಿಗೆ ಕಾಣುತ್ತದೆ. ಸಮೃದ್ಧಿಯೂ ಕಾಣುತ್ತದೆ, ಕ್ಯಾಲೆಂಡರಿನಲ್ಲಿ ಕೊಡದ ಬಾಯಿಂದ ಚೆಲ್ಲುವ ಹಾಗೆ ಬಿಡಿಸಿರುತ್ತಾರೆ. ಬರ್ಕತ್ತನ್ನು ಯಾರು ಹೇಗೆ ಬಿಡಿಸುತ್ತಾರೆ? ಅತ್ತೆ ಆ ಮಾತನ್ನು ಎಲ್ಲದಕ್ಕೂ ಹಾಕುತ್ತಾರೆ. ಹತ್ತು ವರ್ಷ ಬಾಳಿದ ಸೀರೆಯಲ್ಲಿ ಬರ್ಕತ್ ಇದೆ. ಬೆಳಗಿನ ಹೊತ್ತಿನಲ್ಲಿ ಬರ್ಕತ್ ಇದೆ, ಮಧ್ಯಾಹ್ನದ ಮೇಲೆ ಇಲ್ಲ. ಕೂಗಾಡುವವನ ದುಡಿಮೆಯಲ್ಲಿ ಇಲ್ಲ. ಒಂದು ಸಲ ನನಗೇ ಅಂದಿದ್ದರು— ನಿನ್ನ ನಿದ್ದೆಯಲ್ಲಿ ಬರ್ಕತ್ ಇಲ್ಲ ಹುಡುಗಿ.

ನಿಜ.

14 ಏಪ್ರಿಲ್, ಮಂಗಳವಾರ

ಹುಬ್ಬಳ್ಳಿಯ ಕಣ್ಣು ಡಾಕ್ಟರ್ ಹತ್ತಿರ ಹೋಗಿ ಬಂದೆವು. ಹೊಗೆ ಅಲ್ಲ. ಕಣ್ಣಿನೊಳಗಿನ ಒತ್ತಡವಂತೆ. ಹೋದ ನೋಟ ಹೋಯಿತು, ಆಪರೇಷನ್ ಮಾಡಿದರೂ ಬರದು. ಉಳಿದದ್ದನ್ನು ಕಾಯಲು ದಿನಕ್ಕೆರಡು ಸಲ ಹನಿ ಹಾಕಬೇಕು. ಅತ್ತೆಗೆ ಈಗ ಮನುಷ್ಯರು ಮಂಜಿನಲ್ಲಿ ನಿಂತ ಹಾಗೆ ಕಾಣುತ್ತಾರಂತೆ. ಎಷ್ಟು ದಿನದಿಂದ? ಒಂದು ವರ್ಷದಿಂದ ಸ್ವಲ್ಪ ಸ್ವಲ್ಪವೇ ಮಸುಕಾಗಿದೆ! ಯಾರಿಗೂ ಹೇಳಿಲ್ಲ.

ಬಸ್ಸಿನಲ್ಲಿ ನಾನು ಅತ್ತೆ, ಅತ್ತೆ ಅಳಲಿಲ್ಲ.

ಮನೆಗೆ ಬಂದ ಮೇಲೆ ಮಾವ ಖಾಜಾ ಹುಸೇನ್ ಮೆಲ್ಲಗೆ ಅಂದರು, “ಮೈಮೂನಾ, ಸಾಕು ಮಾಡು. ದೇಗು ಮೂರೂ ಮಸೀದಿಯ ಜಮಾತಿಗೆ ಕೊಟ್ಟುಬಿಡುವ. ಪುಣ್ಯ ಬರ್ತದೆ.”

“ಪುಣ್ಯ ನಿಮಗೆ ಯಾವಾಗ್ಲೂ ನನ್ನ ಪಾತ್ರೆಯಿಂದಲೇ ಬರಬೇಕು” ಅಂದರು ಅತ್ತೆ. ಆಮೇಲೆ ಅಂದರು, “ದೇಗು ಕಾಣದಿದ್ರೆ ನಡೀತದೆ. ಮುಖ ಕಾಣದಿದ್ರೆ ನಡಿಯೋದಿಲ್ಲ.”

ಇಪ್ಪತ್ತಾರಕ್ಕೆ ಸಿದ್ದಾಪುರದ ಬಿಳಗಿಯಲ್ಲಿ ಮದುವೆ ಒಪ್ಪಿಕೊಂಡಾಗಿದೆ. ಮೊಹರಂ ಹತ್ತಿರ ಬಂತು, ಆ ತಿಂಗಳು ಮದುವೆ ಇಲ್ಲ, ಅವರೂ ಮುಂದೆ ಹಾಕುವ ಹಾಗಿಲ್ಲ. ಮಾವ ಕೇಳಿದರು, ಯಾರು ಹೋಗುವುದು?

“ಉಜ್ಮಾ ಹೋಗ್ತಾಳೆ. ಅವಳ ಕೈಯಲ್ಲಿ ಇದೆಯೋ ನೋಡುವ. ಇಲ್ಲದಿದ್ರೆ ಜಮಾತಿಗೆ.”

ಬೇಡ ಎನ್ನಲು ಬಾಯಿ ತೆರೆದೆ. ಬೇಡ ಎಂದು ಬರಲಿಲ್ಲ. ಇಲ್ಲಿ ಬರೆಯಬಹುದು, ಯಾರೂ ಓದುವುದಿಲ್ಲ— ನನಗೆ ಆ ದೇಗು ಬೇಕು. ಮದುವೆಯಾಗಿ ಬಂದ ದಿನದಿಂದ ಬೇಕು. ಆ ಮೂಲೆಯ ಮಣೆ ಬೇಕು.

25 ಏಪ್ರಿಲ್, ಶನಿವಾರ

ಇನ್ನೂರೈವತ್ತು ಜನ. ಮುನ್ನೂರಕ್ಕೆ ಮೂವತ್ತನಾಲ್ಕು ಗೆರೆಯಾದರೆ ಇನ್ನೂರೈವತ್ತಕ್ಕೆ ಇಪ್ಪತ್ತೆಂಟೂ ಚಿಲ್ಲರೆ. ಮೂರು ಸಲ ಲೆಕ್ಕ ಮಾಡಿದೆ. ಇಪ್ಪತ್ತೆಂಟು ಅಳೆದೆ. ಮೂವತ್ತು ಮಾಡಿದೆ. ಅತ್ತೆ ಪಕ್ಕದ ಕೋಣೆಯಲ್ಲಿದ್ದರು. ಸದ್ದಾಗದ ಹಾಗೆ ಮೂವತ್ತನಾಲ್ಕು ಮಾಡಿದೆ.

ಮಸಾಲೆ ಡಬ್ಬ ನಾಲ್ಕು ಸಲ ನೋಡಿದೆ. ಲವಂಗ ಇದೆ. ಇದೆ. ಇದೆ.

27 ಏಪ್ರಿಲ್, ಸೋಮವಾರ

ಬರೆಯಲೇಬೇಕೆಂದು ಬರೆಯುತ್ತಿದ್ದೇನೆ.

ಬೆಳಿಗ್ಗೆ ಬಿಳಗಿಯಲ್ಲಿ ಒಲೆ ಹತ್ತಿಸಿದಾಗ ಎರಡು ಜೀಪು ಜನ ಬಂದಿಳಿದರು. ಆ ಮನೆಯವರ ಹತ್ತಿರವೇ ಆರು ಸೇರು ಅಕ್ಕಿ ಈಸಿಕೊಂಡು ಹಾಕಿದೆ. ಆಮೇಲೆ ಇನ್ನೊಂದು ಟೆಂಪೋ ಬಂತು. ಬಿಳಿ ಬಟ್ಟೆಯ ಗಂಟು ಬಿಚ್ಚಿ ಬರ್ಕತ್ತಿನ ಸೇರನ್ನೂ ದೇಗಿಗೆ ಸುರಿದುಬಿಟ್ಟೆ. ಕೆರಿಯ ನೋಡಿದ. ಸೌದೆ ಸರಿಸುತ್ತ ಮುಖ ಆಚೆ ಮಾಡಿದ.

ಟೆಂಪೋದಲ್ಲಿ ಬಂದದ್ದು ಶಾಮಿಯಾನದ ಕುರ್ಚಿ.

ಯಾರಿಗೂ ಕಡಿಮೆಯಾಗಲಿಲ್ಲ. ಮನೆಯ ಯಜಮಾನರು ಹೊಗಳಿದರು, “ಧಾರಾಳ ಮಾಡಿದ್ದೀರಿ, ಅತ್ತೆಗಿಂತ ಒಂದು ಕೈ ಮೇಲೆ!” ನಾನು ಹಿಗ್ಗಿದೆ. ಅರ್ಧ ಗಂಟೆ ಹಿಗ್ಗಿದ್ದು ಇದೆ, ಸುಳ್ಳು ಬರೆಯುವುದಿಲ್ಲ. ಆಮೇಲೆ ಮೂರನೇ ದೇಗಿನ ಮುಚ್ಚಳ ತೆಗೆದರೆ ಅದು ಕಂಠಮಟ್ಟ ಹಾಗೇ ಇತ್ತು. ಒಂದು ಸೌಟೂ ತೆಗೆದಿರಲಿಲ್ಲ. ಏಪ್ರಿಲ್ ಬಿಸಿಲು. ಕಟ್ಟಿಕೊಡುತ್ತೇವೆಂದರೆ ಎಲ್ಲರದೂ ಹೊಟ್ಟೆ ತುಂಬಿತ್ತು, ಬಸ್ಸು ಹಿಡಿಯುವ ಅವಸರ. ಮೂರು ಗಂಟೆಗೆ ಹುಳಿ ವಾಸನೆ ಬಂತು. ಗುಂಡಿ ತೋಡಿ ಸುರಿದರು. ಬೆಳ್ಳಗೆ, ಕೇಸರಿ ಬಣ್ಣದ ಗೆರೆಯಿಟ್ಟುಕೊಂಡು, ಗುಂಡಿಯ ತುಂಬ. ಊರಿನ ನಾಯಿಗಳು ಬಂದವು. ಅವಕ್ಕೂ ಸಾಕಾಯಿತು.

ರಾಶಿ ಎಂದರೆ ಅದು. ಕಣ್ಣಾರೆ ನೋಡಿದೆ.

ಮನೆಗೆ ಬಂದಾಗ ಅತ್ತೆ ಒಂದೇ ಪ್ರಶ್ನೆ ಕೇಳಿದರು. ಕಡಿಮೆ ಬಿತ್ತಾ ಎಂದಲ್ಲ.

“ಬರ್ಕತ್ ಯಾರ ಮನೆಗೆ ಕೊಟ್ಟೆ?”

ನನ್ನ ಮುಖ ಅವರಿಗೆ ಕಾಣುವುದಿಲ್ಲ. ಆದರೂ ತಲೆ ತಗ್ಗಿಸಿದೆ.

1 ಮೇ, ಶುಕ್ರವಾರ

ನಾಲ್ಕು ದಿನದಿಂದ ಅತ್ತೆಯದು ಮಾತಿಲ್ಲ. ಬೈದರೆ ಸಾಕಾಗಿತ್ತು. ಹನಿ ಹಾಕಲು ಹೋದರೆ ಕಣ್ಣು ಅಗಲಿಸಿ ಕೊಡುತ್ತಾರೆ, ಅಷ್ಟೇ.

ಇವತ್ತು ನಮಾಜ್ ಆದ ಮೇಲೆ ಅಂದರು, “ನೀನು ದೇಗಿಗೆ ಹಾಕಿದ್ದು ಅಕ್ಕಿ ಅಲ್ಲ ಉಜ್ಮಾ. ಹೆದರಿಕೆ ಹಾಕಿದೆ. ಹೆದರಿಕೆ ಬೇಯಿಸಿದ್ರೆ ಉಬ್ತದೆ.”

ಮತ್ತೆ ಅಂದರು, “ಒಂದು ಮನೆಗೆ ಹೋಗಬೇಕಾದ್ದು ಗುಂಡಿಗೆ ಹೋಯ್ತಲ್ಲ.”

ಮೊಹರಂ ಕಳೆದ ಮೇಲೆ ಜಮಾತಿನವರಿಗೆ ಬರಹೇಳಿದ್ದಾರೆ.

30 ಮೇ, ಶನಿವಾರ

ಜಮಾತಿನವರು ಬಂದರು, ಮೂವರು. ದೇಗು ಮೂರನ್ನೂ ಅಂಗಳಕ್ಕೆ ತಂದಿಟ್ಟರು. ಬೆರಳಿನಿಂದ ತಟ್ಟಿ ನೋಡಿದರು. ಗಂಟೆಯ ಹಾಗೆ ಸದ್ದು. ಕಲಾಯಿ ಚೆನ್ನಾಗಿದೆ ಎಂದರು. ಒಬ್ಬರು ಎತ್ತಲು ಬಗ್ಗಿದರು.

ಚಾ ತಟ್ಟೆ ಹಿಡಿದು ಬಂದವಳು ನಾನು. “ಕೊಡಬೇಡಿ” ಎಂದುಬಿಟ್ಟೆ. ಗಂಡಸರೆದುರು. ಸೆರಗು ಜಾರಿದ್ದೂ ಗೊತ್ತಾಗಲಿಲ್ಲ. ಚಾ ಅರ್ಧ ಬಸಿಯಲ್ಲಿತ್ತು.

ಮಾವ ಕಣ್ಣರಳಿಸಿದರು. “ಅರೆ! ಇವಳಿಗೆ ಬಾಯಿ ಯಾವಾಗ ಬಂತು?”

“ನನಗೆ ಬೇಕು. ಕಲಿಯುತ್ತೇನೆ. ಒಂದೇ ಒಂದು ಸಲ ಇನ್ನು. ಆಮೇಲೆ ಒಯ್ಯಲಿ.”

ಅತ್ತೆ ನಾನು ನಿಂತ ದಿಕ್ಕಿಗೆ ತಿರುಗಿದರು. ಆಮೇಲೆ ಜಮಾತಿನವರಿಗೆ ಅಂದರು, “ಚಾ ಕುಡ್ಕೊಂಡು ಹೋಗಿ ಭಾಯಿ. ದೇಗಿಗೆ ಇನ್ನೂ ಟೈಮ್ ಇದೆ.”

ದೇಗು ಮೂರನ್ನೂ ನಾನೇ ಉರುಳಿಸಿಕೊಂಡು ಒಳಗಿಟ್ಟೆ.

9 ಜುಲೈ, ಗುರುವಾರ

ಬರೆಯದೆ ತುಂಬ ದಿನವಾಯಿತು. ಬರೆಯಲು ಏನಿತ್ತು? ಬೇಯಿಸುವುದನ್ನು ಕಲಿಸುತ್ತಾರೆ ಅಂದುಕೊಂಡಿದ್ದೆ. ಒಲೆಯ ಸುದ್ದಿಯೇ ಇಲ್ಲ. ವಾರಕ್ಕೊಮ್ಮೆ ನನ್ನ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ಹೊರಡುತ್ತಾರೆ! ಅಲ್ಲಿ ಬೆಂಚಿನ ಮೇಲೆ ಕೂರುವುದು. ಯಾವ ಬಸ್ಸೂ ಹತ್ತುವುದಿಲ್ಲ. ಕಂಟ್ರೋಲರ್ ಒಂದು ದಿನ ಕೇಳಿದರು, “ಎಲ್ಲಿಗಮ್ಮಾ ನೀವು?” ಅತ್ತೆ ಅಂದರು, “ಎಲ್ಲೂ ಇಲ್ಲ. ಇವಳಿಗೆ ಶಾಲೆ.”

ಇವತ್ತಿನದನ್ನು ಬರೆದಿಡುತ್ತೇನೆ.

“ಎದುರಿಗೆ ಯಾರಿದ್ದಾರೆ ಹೇಳು.”

“ಒಬ್ಬ ಗಂಡಸು. ಗೆರೆ ಅಂಗಿ. ಮಡಿಲಲ್ಲಿ ಚೀಲ. ದೊಡ್ಡದಾಗಿ ಮಾತಾಡುತ್ತಿದ್ದಾನೆ, ಪಕ್ಕದವನ ಬೆನ್ನಿಗೆ ಹೊಡೆದು ನಗುತ್ತಿದ್ದಾನೆ.”

“ಎಷ್ಟು ತಿಂತಾನೆ?”

“ಜಾಸ್ತಿ. ಮೂರು ಸೌಟು.”

“ಒಂದೂವರೆ. ಮಾತಾಡುವವನು ಅನ್ನದ ಜತೆ ಗಾಳಿಯನ್ನೂ ತಿಂತಾನೆ. ಅವನ ಪಕ್ಕದವನು?”

“ಸಣಕಲು. ಸುಮ್ಮನಿದ್ದಾನೆ. ಅಂಗಿಯ ಗುಂಡಿ ಕತ್ತಿನವರೆಗೂ ಹಾಕಿದ್ದಾನೆ. ಹೋಟೆಲ್ ಕಡೆ ನೋಡುವುದಿಲ್ಲ.”

“ನೋಡೋದೇ ಇಲ್ಲವಾ? ಭಜಿ ಕರಿಯೋ ವಾಸನೆ ಇಲ್ಲಿವರೆಗೆ ಬರ್ತಿದೆ.”

“ಇಲ್ಲ. ಬೇಕೆಂದೇ ಆಚೆ ತಿರುಗಿದ್ದಾನೆ.”

“ಹಾಂ! ಅವನಿಗೆ ನಾಲ್ಕು. ಅವನು ಕೇಳೋದಿಲ್ಲ. ‘ಇನ್ನೂ ಬೇಕಾ’ ಅಂದ್ರೆ ಬೇಡ ಅಂತಾನೆ, ನಾಚಿಕೆ ಅವನಿಗೆ. ಅವನನ್ನ ಕೇಳಬಾರದು. ತಟ್ಟೆ ಅರ್ಧ ಇರುವಾಗಲೇ ಹಾಕಿಬಿಡಬೇಕು. ಖಾಲಿ ಆಗೋದಕ್ಕೆ ಬಿಟ್ರೆ ಎದ್ದು ಕೈ ತೊಳೀತಾನೆ.”

ಮಳೆ ಹೊಡೆಯುತ್ತಿತ್ತು. ಬಸ್ಸು ಬಂತು. ಇಬ್ಬರೂ ಹತ್ತಲಿಲ್ಲ. ಗೆರೆ ಅಂಗಿಯವನು ಭಜಿ ತಂದ, ಪೊಟ್ಟಣ ಚಾಚಿದ. ಸಣಕಲ ಬೇಡವೆಂದು ತಲೆಯಾಡಿಸಿದ. ಗೆರೆ ಅಂಗಿಯವನು ಎರಡು ತಿಂದು, ಕೈ ಒರೆಸಿಕೊಂಡು, ಪೊಟ್ಟಣವನ್ನು ಬೆಂಚಿನ ಮೇಲಿಟ್ಟು ಮತ್ತೆ ಮಾತಿಗೆ ಹತ್ತಿದ. ಸ್ವಲ್ಪ ಹೊತ್ತಿಗೆ ನೋಡಿದರೆ ಪೊಟ್ಟಣ ಬರಿದು. ಸಣಕಲನ ಕೆನ್ನೆ ಮೆಲ್ಲಗೆ ಆಡುತ್ತಿತ್ತು.

ಅತ್ತೆಗೆ ಹೇಳಿದೆ. ಅವರಿಗೆ ಏನೂ ಕಂಡಿರಲಿಲ್ಲ. ಬೊಚ್ಚುಬಾಯಿ ಬಿಟ್ಟು ನಕ್ಕರು, ಹುಡುಗಿಯ ಹಾಗೆ.

“ಒಂದೂವರೆಯವನಿಗೆ ಮೂರು ಹಾಕಿದ್ರೆ ಒಂದೂವರೆ ಮಣ್ಣಿಗೆ ಹೋಗ್ತದೆ. ನಾಲ್ಕಿನವನಿಗೆ ಎರಡು ಹಾಕಿದ್ರೆ ಅವನು ಹಸಿದು ಹೋಗ್ತಾನೆ. ದೇಗು ಅದೇ, ಅಕ್ಕಿ ಅದೇ. ಜನ ಮೈಮೂನಾ ದುವಾ ಓದ್ತಾಳೆ ಅಂತಾರೆ. ಓದ್ತೇನೆ. ಓದ್ತಾ ಓದ್ತಾ ನೋಡ್ತೇನೆ.”

ಹಾಗಾದರೆ ಅವರೂ ಎಣಿಸುತ್ತಾರೆ! ಸೇರನ್ನಲ್ಲ, ಮನುಷ್ಯರನ್ನು. ಮೂವತ್ತು ವರ್ಷ, ಎಷ್ಟು ಸಾವಿರ ಹೊಟ್ಟೆಗಳನ್ನು ಈ ಹೆಂಗಸು ಮುಖ ನೋಡಿಯೇ ಓದಿರಬಹುದು. ನಾನು ಆರನೇ ಈಯತ್ತೆ ಎಂದು ಅಳುತ್ತೇನೆ. ಅವರು ಶಾಲೆಯ ಕಟ್ಟೆಯನ್ನೂ ಹತ್ತಿಲ್ಲ.

ಬರುವಾಗ ದಾರಿಯಲ್ಲಿ ಪರಿಮಳಾ ಟೀಚರ್ ಸಿಕ್ಕರು, ಕೊಡೆ ಹಿಡಿದುಕೊಂಡು. “ಎಂತದೇ ಉಜ್ಮಾ, ವಾರ ವಾರವೂ ಬಸ್ ಸ್ಟ್ಯಾಂಡಿನ ಬದಿಗೆ! ಮನೆ ಬಿಟ್ಟು ಓಡಿ ಹೋಗೂಲೆ ತಯಾರಿಯ?”

ಅತ್ತೆ ಅಂದರು, “ಇಬ್ರೂ ಸೇರಿಯೇ ಓಡ್ತೇವೆ ಟೀಚರ್. ಬಸ್ಸು ಸರಿ ಸಿಗ್ತಾ ಇಲ್ಲ.”

3 ನವೆಂಬರ್, ಮಂಗಳವಾರ

ಸಂತೆಯಲ್ಲಿ, ಮಸೀದಿಯ ಬಾಗಿಲಲ್ಲಿ, ಆಸ್ಪತ್ರೆಯ ಕ್ಯೂನಲ್ಲಿ— ಎಲ್ಲೆಲ್ಲೂ ಮುಖ ನೋಡುವುದೇ ಆಗಿದೆ. ಹತ್ತರಲ್ಲಿ ಏಳು ಸರಿ ಹೇಳುತ್ತೇನಂತೆ. ಮೂರು ತಪ್ಪು. ಮುನ್ನೂರರಲ್ಲಿ ತೊಂಬತ್ತು ತಪ್ಪು! ಹೇಳಿದರೆ ಅತ್ತೆ ಹಣೆ ಚಚ್ಚಿಕೊಂಡರು.

22 ಜನವರಿ 1999, ಶುಕ್ರವಾರ

ರಮ್ಜಾನ್ ಹಬ್ಬ ಆಯಿತು. ಬನವಾಸಿಯಿಂದ ಬಂದಿದ್ದರು. ಫೆಬ್ರವರಿ ಏಳಕ್ಕೆ ಮಗಳ ಮದುವೆ, ಇನ್ನೂರು ಜನ. ಅತ್ತೆ ಅವರಿಗೆ ಸೀದಾ ಹೇಳಿದರು, “ಕೂರೋದು ನನ್ನ ಸೊಸೆ. ಒಪ್ಪಿಗೆ ಇದ್ರೆ ಹೇಳಿ.” ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಿಳಗಿಯ ಗುಂಡಿಯ ಸುದ್ದಿ ಬನವಾಸಿಗೂ ಹೋಗಿದೆ. ಅತ್ತೆಯ ಮುಲಾಜಿಗೆ ಒಪ್ಪಿದರು.

ಮಾವ ನನ್ನ ತಲೆಯ ಮೇಲೆ ಕೈಯಿಟ್ಟರು. “ಈ ಸಲ ತಪ್ಪಿದ್ರೆ ಮಾತ್ರ, ನಾನೇ ದೇಗು ಹೊತ್ತು ಜಮಾತಿಗೆ ಕೊಟ್ಟು ಬರ್ತೇನೆ ಬೇಟಿ” ಅಂದರು. ಪ್ರೀತಿಯಿಂದಲೇ. ಅದಕ್ಕೇ ಹೆದರಿಕೆ ಜಾಸ್ತಿ.

6 ಫೆಬ್ರವರಿ, ಶನಿವಾರ

ನಾನೇ ಅಳೆದೆ. ಮೊದಲ ಸೇರಿಗೆ ಗಟ್ಟಿಯಾಗಿ “ಬರ್ಕತ್” ಅಂದೆ. ಗಂಟು ಕಟ್ಟಿದೆ. ಆಮೇಲೆ ಎರಡು, ಮೂರು... ಹದಿನಾರರ ಹತ್ತಿರ ಅತ್ತೆ ಏನೋ ಕೇಳಿದರು, ಎಣಿಕೆ ತಪ್ಪಿತು. ಮೊದಲಿನಿಂದ ಸುರುವಿ ಅಳೆಯೋಣ ಅನ್ನಿಸಿತು. ಕೈ ಹೋಯಿತು ಕೂಡ. ವಾಪಸ್ ತೆಗೆದೆ.

ರಾಶಿಯ ಎತ್ತರ ನೋಡಿ ನಿಲ್ಲಿಸಿದೆ. ಸಾಕು ಅನ್ನಿಸಿದ ಕಡೆ ಅಲ್ಲ, ಸಾಕೋ ಏನೋ ಅನ್ನಿಸಿದ ಕಡೆ.

8 ಫೆಬ್ರವರಿ, ಸೋಮವಾರ, ಬೆಳಿಗ್ಗೆ

ಮೈಯೆಲ್ಲ ನೋವು. ಬಲಗೈ ಬೆರಳು ಮಡಚಲು ಬರುವುದಿಲ್ಲ, ಅಕ್ಷರ ಸೊಟ್ಟ. ಆದರೂ ಎಲ್ಲವನ್ನೂ ಬರೆಯಬೇಕು.

ಬನವಾಸಿ ಮುಟ್ಟಿದಾಗ ಸೂರ್ಯ ಆಗಷ್ಟೇ. ಮೊದಲು ಮಾಡಿದ ಕೆಲಸ, ಗಂಟು ಹಿಡಿದು ಕೇಳಿಕೊಂಡು ಹೋದದ್ದು. ಊರಾಚೆ ಬೈರ ಎಂಬವನ ಗುಡಿಸಲು. ಹೆಂಡತಿ ಹೆತ್ತು ನಾಲ್ಕು ದಿನ, ಅವನಿಗೆ ಜ್ವರ. ಗಂಟು ಕೊಟ್ಟೆ. ಯಾರು ಕೊಟ್ಟದ್ದೆಂದು ಅವನು ಕೇಳಿದ. ಮದುವೆಮನೆಯವರು ಅಂದೆ. ಹೀಗೆ ಬೆಳಿಗ್ಗೆಯೇ ಕೊಟ್ಟುಬಿಟ್ಟರೆ ಆಮೇಲೆ ನನ್ನ ಕೈ ಅದಕ್ಕೆ ಹೋಗಲಾರದು. ನನ್ನ ಮೇಲೆ ನನಗೆ ನಂಬಿಕೆ ಇಲ್ಲ. ಇಲ್ಲದ್ದು ಒಳ್ಳೆಯದೇ ಆಯಿತು.

ಹನ್ನೊಂದಕ್ಕೆ ಹೆಣ್ಣಿನ ಅಪ್ಪ ಓಡಿ ಬಂದರು. “ಅಮ್ಮಾರ, ಮಂದಿ ಜಾಸ್ತಿ ಆಗ್ಯಾರ್ರೀ! ನಮ್ಮ ತಮ್ಮ ಶುಂಠಿ ಕೀಳೋ ಆಳುಗಳನ್ನೆಲ್ಲ ಕರದು ಬಿಟ್ಟಾನ್ರೀ. ಎಂಬತ್ತು ಮಂದಿ. ಹೊಲದಿಂದ ಸೀದಾ ಬರಾಕತ್ತಾರ. ಏನ್ ಮಾಡೋಣ್ರೀ?”

ದೇಗು ಮೂರಕ್ಕೂ ಆಗಲೇ ಬಾಯಿ ಮುಚ್ಚಿ ದಮ್ ಕೊಟ್ಟಾಗಿದೆ, ಇನ್ನು ಒಂದು ಕಾಳು ಸೇರಿಸುವ ಹಾಗಿಲ್ಲ. ಅತ್ತೆಯ ಕಡೆ ನೋಡಿದೆ. ಅವರು ಹೆಂಗಸರ ನಡುವೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಕೇಳಿಸಿತ್ತು, ಖಂಡಿತ. ನನ್ನ ಕಡೆ ತಿರುಗಲಿಲ್ಲ.

“ಬರಲಿ. ಶುಂಠಿಯವರನ್ನು ಮೊದಲು ಕೂರಿಸಿ” ಅಂದೆ. ಈ ಮಾತು ನನ್ನ ಬಾಯಿಂದಲೇ ಬಂತು.

ಕೆರಿಯ ಕಂಬಕ್ಕೆ ಒರಗಿದ. “ಇಪ್ಪತ್ತು ವರ್ಸ ಕಾದದ್ದು ಇವತ್ತು ನೋಡ್ತೀನಿ ಕಾಣ್ತದೆ.”

“ಬಾಯಿ ಮುಚ್ಚಿಕೊಂಡು ತಟ್ಟೆ ಹಿಡಿ ಕೆರಿಯಾ.”

ಒದ್ದೆ ಬಟ್ಟೆ ಹಾಕಿ ಮುಚ್ಚಳ ಒಂದು ಗೇಣು ಸರಿಸಿದೆ. ಕೂತೆ. ಆ ಮಣೆಯ ಮೇಲೆ.

ಮೊದಲ ಹತ್ತು ತಟ್ಟೆ ಹೇಗೆ ಹಾಕಿದೆನೋ ಗೊತ್ತಿಲ್ಲ. ಆಮೇಲೆ ಮುಖಗಳು ಕಾಣತೊಡಗಿದವು. ಉಗುರಿನಲ್ಲಿ ಮಣ್ಣು ಉಳಿದ ಹೆಂಗಸು, ಪಕ್ಕದ ಮಗುವಿಗೆ ಉಣಿಸಿ ತಾನು ಉಳಿದದ್ದು ತಿನ್ನುವವಳು, ಅವಳಿಗೆ ಮಗುವಿನದು ಬೇರೆ, ಅವಳದು ಬೇರೆ. ಒಬ್ಬ ಮುದುಕ ಬರೀ ಮಾಂಸ ಆರಿಸುತ್ತಿದ್ದ, ಅವನಿಗೆ ಅನ್ನ ಕಡಿಮೆ ಮಾಡಿ ಎರಡು ತುಂಡು ಹೆಚ್ಚು. ಜರಿ ಟೋಪಿಯ ಬೀಗರು “ಇನ್ನೂ ಹಾಕು, ಇನ್ನೂ ಹಾಕು” ಎಂದು ಗದ್ದಲ ಮಾಡಿದರು. ಸೌಟನ್ನು ಎತ್ತರಕ್ಕೆ ಎತ್ತಿ ಅರ್ಧ ಹಾಕಿದೆ, ಖುಷಿಯಾದರು. ಮೂಲೆಯಲ್ಲಿ ಕೈಕಟ್ಟಿ ಕೂತ ಹುಡುಗಿಗೆ ಕೇಳದೆಯೇ ಕಳಿಸಿದೆ. ತಿಂದಳು. ಮತ್ತೆ ಕಳಿಸಿದೆ. ತಿಂದಳು.

ಯಾವಾಗಲೋ ಒಮ್ಮೆ ಗೊತ್ತಾಯಿತು— ಬಹಳ ಹೊತ್ತಿನಿಂದ ನಾನು ಹೆದರಿಲ್ಲ. ಹೆದರಲು ಪುರುಸೊತ್ತೇ ಇರಲಿಲ್ಲ.

ಮೂರನೇ ದೇಗನ್ನು ಹೆಂಗಸರ ಚಪ್ಪರಕ್ಕೆ ಹೊತ್ತು ತಂದರು. ನಾಲ್ಕು ಸಾಲು ಎದ್ದವು. ಸೌಟಿನ ಸದ್ದು ಬದಲಾಗಿತ್ತು, ತಳ ಹತ್ತಿರ. ಹೆಣ್ಣಿನ ತಾಯಿ ಬಂದು ಕಿವಿಯಲ್ಲಿ ಹೇಳಿದರು, “ಎಲ್ಲಾರ್ದೂ ಆತವ್ವಾ. ಇದೊಂದ ಸಾಲು ಉಳದೈತಿ ನೋಡು.” ಎಂಟು ಜನ. ಏಳು ತಟ್ಟೆ ಹಾಕಿದೆ. ಎಂಟನೆಯದಕ್ಕೆ ತಲೆಯೆತ್ತಿದೆ.

ಅತ್ತೆ.

ಯಾರೋ ಕೈ ಹಿಡಿದು ತಂದು ಕೂರಿಸಿದ್ದರು. ಚಕ್ಕಳಮಕ್ಕಳ ಹಾಕಿ, ಸೆರಗು ಸರಿಮಾಡಿಕೊಂಡು, ಬೇರೆ ನೆಂಟರ ಹಾಗೆ. ನಾನು ಈ ಮನೆಗೆ ಬಂದು ಹದಿಮೂರು ವರ್ಷ. ಯಾವ ಮದುವೆಯಲ್ಲೂ ಅವರು ಊಟದ ಸಾಲಿನಲ್ಲಿ ಕೂತದ್ದು ನೋಡಿಲ್ಲ. ಕೇಳಿದರೆ, ಮಸಾಲೆಯ ಹಬೆ ಕುಡಿದೇ ಹೊಟ್ಟೆ ತುಂಬಿತು ಎನ್ನುತ್ತಿದ್ದರು. ಮನೆಗೆ ಬಂದು ಚಾಕ್ಕೆ ರೊಟ್ಟಿ ಅದ್ದಿಕೊಂಡು ತಿನ್ನುತ್ತಿದ್ದರು. ನಾನು ನಂಬಿದ್ದೆ. ಎಷ್ಟು ತಿನ್ನುತ್ತಾರೆ ಈ ಹೆಂಗಸು? ಇಡೀ ಬನವಾಸಿಯ ಹೊಟ್ಟೆ ಓದಿದವಳಿಗೆ ಮನೆಯದು ಗೊತ್ತಿಲ್ಲ!

ಅವರು ಸೌಟಿನ ಸದ್ದು ಬಂದ ದಿಕ್ಕಿಗೆ ತಟ್ಟೆ ಚಾಚಿದರು.

ದೇಗಿನೊಳಗೆ ಎಷ್ಟಿದೆ ಎಂದು ನೋಡಲಿಲ್ಲ. ಅವರ ಮುಖ ನೋಡಿದೆ. ಬಸ್ ಸ್ಟ್ಯಾಂಡಿನಲ್ಲಿ ನೋಡಿದ ಹಾಗೆ, ಗುರುತಿಲ್ಲದವರನ್ನು ನೋಡುವ ಹಾಗೆ.

ಅವರಿಗೆ ಹಸಿವಾಗಿತ್ತು.

ಒಂದು ಸೌಟು ಹಾಕಿದೆ. ಸಾಕು ಎನ್ನಲಿಲ್ಲ. ಎರಡನೆಯದು ಹಾಕಿದೆ. ತಟ್ಟೆ ಹಾಗೇ ಹಿಡಿದಿದ್ದರು. ಮೂರನೆಯದಕ್ಕೆ ಕೈಯನ್ನು ಭುಜದವರೆಗೂ ಒಳಗಿಳಿಸಿ ತಳ ಕೆರೆದು ಹಾಕಿದೆ. ಆಗ ಅತ್ತೆ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡು ತಿನ್ನತೊಡಗಿದರು.